ಆನೆ ತೂಗಿದ ಊರು

ಅರ್ಧ ದಿನದ ರಜೆಯಲ್ಲಿ ಗಾಣಗಾಪುರ ಮುಟ್ಟುವುದಿಲ್ಲ.
ತುಳಾಪುರ ಮುಟ್ಟುತ್ತದೆ,
ಲೋಣಿಕಂದದ ಟ್ರಾಫಿಕ್ಕು ಬಿಟ್ಟುಕೊಟ್ಟರೆ.

ಬಿಬವೇವಾಡಿಯ ಖಾನಾವಳಿಗೆ ಬೀಗ ಜಡಿದು
ಅತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ:
ಮಣ್ಣಿನ ಕುಡಿಕೆ, ಬಾಯಿಗೆ ಕೆಂಪು ಬಟ್ಟೆ,
ಕೊರಳಿಗೆ ಸ್ಮಶಾನದ ನಂಬರು ಚೀಟಿ.
ತಗ್ಗು ಬಂದಾಗೆಲ್ಲ ಟ್ಯಾಕ್ಸಿಯವನು
ಹೇಳದೆಯೇ ನಿಧಾನ ಮಾಡಿದ.
ಬದುಕಿದ್ದಾಗ ಅವಳಿಗಾಗಿ ಯಾರೂ
ಹಾಗೆ ಬ್ರೇಕು ತುಳಿದಿರಲಿಲ್ಲ.

ಇಲ್ಲಿ ಮೂರು ನದಿ ಎನ್ನುತ್ತಾರೆ.
ಭೀಮೆ ಅಗಲ, ಅವಸರವಿಲ್ಲ.
ಭಾಮೆ ಮೇಲೆಲ್ಲೋ ಮೊದಲೇ ಸೇರಿಬಿಟ್ಟಿದ್ದಾಳಂತೆ,
ಬೆರಳಿಟ್ಟು ತೋರಿಸಲು ಬರುವುದಿಲ್ಲ.
ಇಂದ್ರಾಯಣಿ ಮಾತ್ರ ದೂರದಿಂದಲೇ ಗುರುತು,
ಆಳಂದಿಯ ಪುಣ್ಯ, ಪಿಂಪರಿಯ ಕಾರ್ಖಾನೆ ನೊರೆ
ಎರಡನ್ನೂ ಒಂದೇ ಸೆರಗಿಗೆ ಗಂಟು ಹಾಕಿಕೊಂಡು.

ಎಷ್ಟು ಮಂದಿ, ಕೇಳಿದ ದೋಣಿಯವನು ಮರಾಠಿಯಲ್ಲಿ.
ಇಬ್ಬರು, ಎಂದುಬಿಟ್ಟೆ.
ಕುಡಿಕೆ ನೋಡಿದ. ಏನೂ ಅನ್ನಲಿಲ್ಲ.

ಹುಟ್ಟು ಹಾಕುತ್ತ ಆನೆಯ ಕಥೆ ತೆಗೆದ,
ಎಲ್ಲರಿಗೂ ಹೇಳಿ ಹೇಳಿ ಸವೆದ ಧಾಟಿ:
ಯಾರೋ ಸರದಾರ, ಆನೆತೂಕದ ಬಂಗಾರ ದಾನ ಮಾಡಬೇಕು,
ತಕ್ಕಡಿ ಎಲ್ಲಿಂದ ತರುವುದು?
ಆನೆಯನ್ನೇ ದೋಣಿಗೆ ಹತ್ತಿಸಿದರು,
ನೀರು ಮುಟ್ಟಿದಲ್ಲಿ ಗೆರೆ ಎಳೆದರು,
ಇಳಿಸಿ, ಗೆರೆಗೆ ನೀರು ಬರುವ ತನಕ ಕಲ್ಲು ತುಂಬಿದರು.
ಕಲ್ಲಿನ ತೂಕಕ್ಕೆ ಬಂಗಾರ. ಊರಿಗೆ ಈ ಹೆಸರು.

ನಾನು ಬಗ್ಗಿ ದೋಣಿಯ ಪಕ್ಕೆ ನೋಡಿದೆ.
ಹಸಿರು ಪೇಂಟು, ಪಾಚಿಯ ಗೆರೆ.
ಅತ್ತೆ ಹತ್ತಿದ್ದಕ್ಕೆ ಕೂದಲೆಳೆಯಷ್ಟೂ ತಗ್ಗಿರಲಿಲ್ಲ.
ದಿನಕ್ಕೆ ಇನ್ನೂರು ಜೋಳದ ರೊಟ್ಟಿ, ನಲವತ್ತೊಂದು ವರ್ಷ.
ಒಮ್ಮೆ ಮೊಬೈಲಿನಲ್ಲಿ ಗುಣಿಸಿ ತೋರಿಸಿದ್ದೆ,
ಮೂವತ್ತು ಲಕ್ಷಕ್ಕೆ ಏಳು ಸಾವಿರ ಕಡಿಮೆ.
“ಗುರುವಾರ ಸೂಟಿ ಇತ್ತಲ್ಲೋ ಮಂಗ್ಯಾ,
ಅದನ್ನ ಕಳದೀ ಇಲ್ಲೋ?”

ಅಷ್ಟರಲ್ಲಿ ಊರಿಂದ ಫೋನು, ಮಾದೇವಿ.
“ಇಲ್ಲಬೇ, ಅಲ್ಲೀ ತನಕಾ ತರೋದು ಆಗಲಿಲ್ಲ,
ಇಲ್ಲೇ ಬಿಡಾಕತ್ತೀನಿ.”

ಹುಟ್ಟು ನಿಂತಿತು.
“ಯಾವೂರ್ರೀ ನಿಮ್ಮದು?”
ಸೈಬಣ್ಣ, ಘತ್ತರಗಿ ಕಡೆಯ ಅಂಬಿಗ,
ಉಸುಕಿನ ಬೋಟಿಗೆಂದು ಬಂದು ಹದಿನೆಂಟು ವರ್ಷ.
“ಗಾಣಗಾಪುರಕ್ಕ ಇದ ದಾರಿ ಅದರೀ.
ಬಸ್ ಬದಲಿ ಮಾಡೋದೂ ಇಲ್ಲ.”
ಆಮೇಲೆ, ಸುಳ್ಳು ಹೇಳಬಾರದೆಂದೋ ಏನೋ,
“ಉಜನೀದಾಗ ಅಷ್ಟ ತಡೀತದ. ಡ್ಯಾಮ್ ಅದ.
ಗೇಟ್ ತೆಗಿಯೋದು ಮಳಿ ಜೋರಾದ ಮ್ಯಾಲ.”

ಅಲ್ಲೀ ತನಕಾ?

“ಕುಂದರಬೇಕು.
ಗುಲಾಬಿ ಕಾಲಿನ ಹಕ್ಕಿ ಬರ್ತಾವ್ರಿ ಹಿನ್ನೀರಿಗೆ, ಸಾವಿರಗಟ್ಟಲೆ.
ನೋಡಕೋತ ಕುಂದರಬೇಕು.”

ಅತ್ತೆ ಸುಮ್ಮನೆ ಕೂತದ್ದು ನಾನು ಕಂಡಿಲ್ಲ.
ರೊಟ್ಟಿ ಬಡಿಯುವಾಗ ಕೂತದ್ದು ಲೆಕ್ಕಕ್ಕಿಲ್ಲ.

ಹುಡುಗಿಯಾಗಿದ್ದಾಗ ಗಾಣಗಾಪುರದ ಹೊಸ್ತಿಲಲ್ಲಿ
ಮಾಧುಕರಿ ನೀಡುತ್ತಿದ್ದಳಂತೆ.
ಅಲ್ಲಿ ಸಾಹುಕಾರನೂ ಐದು ಮನೆ ಬೇಡಲೇಬೇಕು.
ಪುಣೆಯವರ ಜೋಳಿಗೆಗೆ ರೊಟ್ಟಿಯ ಚೂರು ಹಾಕುತ್ತ
ಅವರ ಕಾಲಿನ ಚಪ್ಪಲಿ ನೋಡುತ್ತಿದ್ದಳಂತೆ:
ಇಂಥಾ ಚಪ್ಪಲಿ ಹೊಲಿಯೋ ಊರು ಹ್ಯಾಂಗಿರಬೇಕು.

ಬಟ್ಟೆ ಬಿಚ್ಚಿದೆ.
ಕೈ ನೀರಿಗೆ ಅದ್ದಿದೆ,
ರೊಟ್ಟಿಗೆ ನೀರು ಹಚ್ಚುವ ಮುಂಚೆ ಅವಳು ಅದ್ದುತ್ತಿದ್ದ ಹಾಗೆ.
ಸೈಬಣ್ಣ ಹುಟ್ಟಿನ ತುದಿಯಿಂದ
ನೊರೆಯನ್ನು ಅತ್ತ ಸರಿಸಿ ಹಿಡಿದ.
ಬೂದಿ ಸ್ವಲ್ಪ ಹೊತ್ತು ದೋಣಿಯ ಮಗ್ಗುಲಲ್ಲೇ ತೇಲಿತು,
ಬೀಗ ಹಾಕಿದೆನೋ ಇಲ್ಲವೋ ಎಂದು
ತಿರುಗಿ ನೋಡುವವರ ಹಾಗೆ.

ಮಾದೇವಿ ಇನ್ನೂ ಲೈನಿನಲ್ಲಿದ್ದಳು.
“ಹೊಂಟ್ಲೇನು?”
“ಹೊಂಟ್ಲು. ಶ್ರಾವಣಕ್ಕ ಬರಬಹುದು.
ಪುಣೇ ಯಾತ್ರಿ ಬರ್ತಾರಲ್ಲ, ಹಂಗ.
ಬರಿಗೈಲೆ ಕಳಸಬ್ಯಾಡ.”

ದಡದಲ್ಲಿ ಇಬ್ಬರ ದುಡ್ಡು ಎಣಿಸಿ ಕೊಟ್ಟೆ.
ಸೈಬಣ್ಣ ಇಪ್ಪತ್ತು ರೂಪಾಯಿ ವಾಪಸು ಚಾಚಿದ:
“ಅಕ್ಕೋರದು ಹೋಗೋದು ಅಷ್ಟ ಅಲ್ರೀ.”