ಮರಿ ಅರಚಿದಾಗ

ಭಾನುವಾರದ ಪಾಠಕ್ಕೆ ಹದಿನಾಲ್ಕು ಮಕ್ಕಳು,
ಭದ್ರಾವತಿಯ ಇಗರ್ಜಿಯ ಹಿಂದಿನ ತಗಡಿನ ಕೋಣೆ.
ಕುರುಬ ಅಂದರೆ ದೇವರು, ತಪ್ಪಿದ ಕುರಿ ಅಂದರೆ ಪಾಪಿ,
ಅಡವಿ ಅಂದರೆ ಲೋಕ, ಹೆಗಲು ಅಂದರೆ ಕೃಪೆ
ಎಂದು ಹಲಗೆಯ ಮೇಲೆ ಸಮ ಚಿಹ್ನೆ ಹಾಕಿ ಬರೆದೆ,
ಲೆಕ್ಕದ ಮೇಷ್ಟ್ರ ಮಗಳಲ್ಲವೆ ನಾನು.
ಮಕ್ಕಳೆಲ್ಲ ಬಿಳಿ ಕುರಿ ಬರೆದು ಹತ್ತಿ ಅಂಟಿಸಿದರು.

ಮರುದಿನ ಹೊಳೆಹೊನ್ನೂರಿನ ದಾರಿಯಲ್ಲಿ ಬಸ್ಸು ಕೆಟ್ಟಿತು.
ಕುಯ್ದ ಗದ್ದೆಯಲ್ಲಿ ಮಂದೆ. ಅಷ್ಟೂ ಕರಿ.
ಹಿರಿಯೂರಿನ ಕಡೆಯವು; ಗೊಬ್ಬರಕ್ಕೆಂದು
ರಾತ್ರಿಗಿಷ್ಟು ಭತ್ತ ಮಾತಾಡಿ ತರುಬಿದ್ದರಂತೆ.
ಕಾವಲಿಗಿದ್ದವನು ಮಾಳಿಂಗಪ್ಪ.
ಕೇಳಿದೆ: ನೂರರಲ್ಲಿ ಒಂದು ಹೋದರೆ ಹೇಗೆ ತಿಳಿಯುತ್ತೆ,
ದಿನಾ ಎಣಿಸ್ತೀರಾ?

"ಎಣಿಸಬಾರದವ್ವಾ, ಎಣಿಸಿದ್ರೆ ಏಳ್ಗೆ ಇಲ್ಲ.
ಮುಖ ನೋಡ್ತೀವಿ. ಕತ್ಲಾದ್ಮೇಲೆ ಅದೂ ಆಗಲ್ಲ.
ತಾಯಿ ತಪ್ಪಿಸ್ಕಂಡ್ರೆ ಮರಿ ಅರಚ್ತದೆ.
ಬಾಕಿಯವು ಮೆಲುಕು ಹಾಕ್ತಾ ಕುಂತಿರ್ತವೆ."

ಆಮೇಲೆ?

"ಆಮೇಲೇನು, ಆ ಮರೀನೇ ಕಂಕುಳಾಗಿಟ್ಕಂಡು ಹೊಂಡೋದು.
ತಪ್ಪಿಸ್ಕಂಡಿದ್ದು ಕೂಗಲ್ಲ ನೋಡ್ರಿ. ಚಿರತೆ ಅಂಜಿಕೆಗೆ
ಪೊದೆ ಬುಡ್ದಾಗೆ ಬಾಯಿ ಮುಚ್ಕಂಡು ಮಲಗಿರ್ತದೆ.
ನಾನು ಕರದ್ರೆ ಓಗೊಡಲ್ಲ.
ಮರಿ ಕೂಗಿದ್ರೆ ಒಂದೇ ಸಲ, ಮೆಲ್ಲಕೆ,
ಮ್ಯಾ ಅಂತದೆ."

ಹೆಗಲ ಮೇಲೆ ಹೊತ್ತು ತರ್ತೀರಾ?
ನಕ್ಕ. "ಕಾಲು ಸೋತಿದ್ರೆ ಹೊರ್ಲೇಬೇಕು.
ಅಂಜಿರ್ತದಲ್ಲ, ದಾರಿಯುದ್ದ ಬೆನ್ನ ಮ್ಯಾಲೆ
ಉಚ್ಚೆ ಹೊಯ್ಕಂತಾ ಬರ್ತದೆ.
ಕಂಬಳಿ ಮೂರು ದಿನ ನಾರ್ತದೆ."

ನಮ್ಮ ಗಾಜಿನ ಕಿಟಕಿಯ ಕುರುಬನ ಅಂಗಿಯ ಮೇಲೆ
ಒಂದು ಕಲೆಯಾದರೂ ಇದ್ದ ನೆನಪಿಲ್ಲ.

ಎವ್ಲಿನಕ್ಕ ಹೋಗಿ ಹನ್ನೊಂದು ವರ್ಷ.
ಹೊಸನಗರದಲ್ಲಿ, ಪಂಕ್ಚರ್ ಅಂಗಡಿಯವನ ಜೊತೆ.
ಜ್ವರ ಬಂದಾಗ ನನಗೆ ಗಂಜಿ ಕುಡಿಸಿದವಳು,
ನೋಯದ ಹಾಗೆ ಸಿಕ್ಕು ಬಿಡಿಸಿ ಜಡೆ ಹೆಣೆದವಳು.
ರಾತ್ರಿಯ ಪ್ರಾರ್ಥನೆಯಲ್ಲಿ ಒಬ್ಬೊಬ್ಬರ ಹೆಸರು ಹೇಳುವಾಗ
ಅಪ್ಪ, ಅಮ್ಮನ ಹೆಸರಾದ ಮೇಲೆ ಒಂದು ಉಸಿರು ನಿಂತು
ನನ್ನ ಹೆಸರಿಗೆ ಬರುತ್ತಿದ್ದರು.
ಆ ಒಂದು ಉಸಿರಿನಷ್ಟು ಜಾಗದಲ್ಲಿ
ನಾನು ಏನೂ ಹೇಳಲಿಲ್ಲ.
ಫಾದರ್ ಹೋಗಲಿ, ಅಪ್ಪ ಹೋಗಲಿ,
ದೇವರಿಗೇನು ಹೊಸನಗರದ ದಾರಿ ಗೊತ್ತಿಲ್ಲವೆ,
ಎಂದುಕೊಂಡು ಆಮೆನ್‌ಗೆ ಕಾದೆ.

ಇಷ್ಟು ವರ್ಷ ಆ ಕತೆ ಹೇಳಿದವಳು
ಅದರೊಳಗೆ ನನ್ನನ್ನು ಎಲ್ಲಿ ಕೂರಿಸಿಕೊಂಡಿದ್ದೆ?
ತೊಂಬತ್ತೊಂಬತ್ತರ ನಡುವೆ. ಬೆಚ್ಚಗೆ.
ಮೆಲುಕು ಹಾಕುತ್ತಾ.

ಬಸ್ಸು ಸರಿಯಾಯಿತು ಅಂದರು, ಹತ್ತಲಿಲ್ಲ.
ಅಂಗಡಿಯ ನಂಬರು ಫೋನಿನಲ್ಲಿತ್ತು,
ಯಾರಾದರೂ ನೋಡಿಯಾರೆಂದು
'ಟೈರ್' ಎಂಬ ಹೆಸರಿನಲ್ಲಿ.
ಗದ್ದೆಯ ಬದುವಿನ ಮೇಲೆ ನಿಂತು,
ಮಾಳಿಂಗಪ್ಪನ ಕುರಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ
ಅಕ್ಕಾ ಅಂದೆ.

ಆ ಕಡೆ ಗಾಳಿ ತುಂಬುವ ಯಂತ್ರದ ಸದ್ದು.
ಅದು ನಿಂತಿತು.
ಇನ್ನೊಮ್ಮೆ ಕೂಗಿದೆ.