ಸುಣ್ಣದಲ್ಲಿ ಬರೆದ ಮನೆ

ಶನಿವಾರ, ಉರ್ದು ಶಾಲೆಯ ಮೈದಾನದಲ್ಲಿ
ಮಂಡಳಿಯವರು ನಮ್ಮ ಮನೆ ಬರೆದರು,
ಕಬಡ್ಡಿ ಅಂಕಣಕ್ಕೆ ಎಳೆಯುವ ಅದೇ ಸುಣ್ಣದ ಪುಡಿಯಲ್ಲಿ,
ಕಟ್ಟಲಿರುವಷ್ಟೇ ಅಳತೆಗೆ:
ಒಂದು ಹಜಾರ, ಒಂದು ಕೋಣೆ,
ಒಲೆಗೊಂದು ಮೂಲೆ, ಬಚ್ಚಲಿಗೊಂದು ಚೌಕ.
ಬಾಗಿಲಿರಬೇಕಾದ ಕಡೆ ಗೆರೆ ಬಿಟ್ಟಿದ್ದರು.

"ಒಳಗೆ ಬನ್ನಿ" ಅಂದಳು ಇಂಜಿನಿಯರ್ ಹುಡುಗಿ ಸಿಂಚನ.
ನಾವು ಚಪ್ಪಲಿ ಹೊರಗೆ ಬಿಟ್ಟೆವು.
ಯಾರೂ ಹೇಳಿರಲಿಲ್ಲ.
ಮೂರು ಸಲ ಎತ್ತಂಗಡಿಯಾದ ದೇವೀರಮ್ಮ
ಬಲಗಾಲಿಟ್ಟೇ ಹೋದಳು,
ಸೂರು ಹೇಗಿದೆ ಎಂದು ಮೇಲೆ ನೋಡಿದಳು.
ಹದ್ದೊಂದು ಸುತ್ತುತ್ತಿತ್ತು.

ಇಪ್ಪತ್ತು ವರ್ಷದಲ್ಲಿ ಏಳು ಸಲ ಎಣಿಸಿದ್ದಾರೆ ನಮ್ಮನ್ನು.
ಬಾಗಿಲ ಮೇಲೆ ಬಿಳಿ ನಂಬರು, ಅದರ ಮೇಲೆ ಕೆಂಪು ನಂಬರು.
ನಾನು ನಲವತ್ತೊಂದು ಆಗಿದ್ದೆ, ನೂರಾ ಹದಿನೇಳಾದೆ,
ಈಗ ಮೂವತ್ಮೂರು ಬಾರ್ ಎ.
ಪಟ್ಟಿಯಲ್ಲಿ ನಮಗೊಂದು ಹೆಸರುಂಟು: ಫಲಾನುಭವಿ.
ಫಲ ಎಲ್ಲಿ ಅಂತ ಕೇಳಬಾರದು,
ಅನುಭವ ಬೇಕಾದಷ್ಟಿದೆ.

ಈ ಸಲ ಎಣಿಸಲಿಲ್ಲ, ಕೇಳಿದರು.
ಕೇಳಿದರೆ ಏನನ್ನಬೇಕೋ ನಮಗೂ ತಿಳಿಯದು.
"ಚೆನ್ನಾಗದೆ ಮೇಡಂ" ಅಂದೆವು.
ಕೊಟ್ಟವರಿಗೆ ಹಾಗನ್ನುವುದು ರೂಢಿ.

ಆಗ ಮಾವ ಕೇತಯ್ಯ ಬಂಬೂ ಬಜಾರಿಂದ
ಹೆಗಲ ಮೇಲಿದ್ದ ಬಿದಿರನ್ನು ಹಾಗೇ ತಂದು
ಹಜಾರದಲ್ಲಿ ಮಲಗಿಸಿದ.
ಹದಿನೆಂಟಡಿ ಹಸಿ ಬಿದಿರು:
ನಮ್ಮ ಗೋಡೆ ದಾಟಿತು,
ಪಕ್ಕದ ಜೈತೂನ್‌ಬಿಯ ಬಚ್ಚಲಿಗೆ ತಲೆ ಹಾಕಿತು.
ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಆಮೇಲೆ ಎಲ್ಲರೂ.
"ಮೂರನೇ ಮಾಳಿಗೆಗೆ ಇದನ್ನ ಹೆಂಗವ್ವಾ ಹತ್ಸೋದು?
ಮೆಟ್ಟಿಲು ತಿರುಗ್ತದೆ, ಬಿದಿರು ತಿರುಗಲ್ವಲ್ಲ."
ಹುಡುಗಿ ಬರೆದುಕೊಂಡಳು.

ಆಮೇಲೆ ಬಾಯಿ ಬಂತು ಎಲ್ಲರಿಗೂ.
ಊದುಬತ್ತಿ ಹೊಸೆಯುವವರಿಗೆ ಒಣಗಿಸಲು ಬಿಸಿಲೆಲ್ಲಿ,
ಸೆಲ್ವಿಯ ಇಡ್ಲಿ ಗಾಡಿ ರಾತ್ರಿ ಮಲಗುವುದೆಲ್ಲಿ,
ನಲ್ಲಿ ನೀರು ಎಷ್ಟೊತ್ತಿಗೆ,
ವರ್ತುಲ ರಸ್ತೆಯಾಚೆಯಿಂದ ಬೆಳಗಿನ ಐದಕ್ಕೆ
ಪೌರಕಾರ್ಮಿಕರಿಗೆ ಬಸ್ಸುಂಟೇ.
ಮೇಲಿನಿಂದ ಬೆಟ್ಟದ ದೀಪ ಕಾಣುತ್ತೆ ಅಂದರು ಸಾಹೇಬರು.
ಯಾರೂ ಉತ್ತರ ಕೊಡಲಿಲ್ಲ.

ಮಾವ ಮತ್ತೆ ಮಾತಾಡಿದ, ಮೆಲ್ಲಗೆ:
"ಚಟ್ಟ ಕಟ್ಟೋರು ನಾವೇ ಸ್ವಾಮಿ.
ಆರೂವರೆ ಅಡಿ.
ಈ ತಿರುವಲ್ಲಿ ಹೆಣ ನಿಲ್ಸೇ ಇಳಿಸ್ಬೇಕಾಯ್ತದೆ."
ಸಾಹೇಬರು ಗಡಿಯಾರ ನೋಡಿಕೊಂಡರು.

ದೇವೀರಮ್ಮ ಮನೆಯಿಂದ ರಂಗೋಲಿ ಡಬ್ಬ ತಂದಳು.
ಪಾದದ ಅಂಚಿನಲ್ಲಿ ಒಂದು ಗೋಡೆ ಅಳಿಸಿದಳು,
ಬೆರಳ ಸಂದಿಯಿಂದ ಪುಡಿ ಬಿಡುತ್ತಾ
ಮೊದಲು ಜಗಲಿ ಬರೆದಳು, ಉದ್ದಕ್ಕೆ,
ಆರು ಬಾಗಿಲಿಗೆ ಸೇರಿ ಒಂದೇ ಜಗಲಿ.
"ಮನೆ ಇದ್ರಿಂದ ಒಳಕ್ಕೆ ಹೋಗ್ಲಿ" ಅಂದಳು.
ಗೆರೆ ಎಲ್ಲೂ ನಡುಗಲಿಲ್ಲ.
ಸಿಂಚನ ಫೋಟೋ ತೆಗೆದಳು.
ಎರಡೂವರೆಗೆ ಜೀಪು ಹೊರಟಿತು,
ಅಡುಗೆಮನೆಯ ಮೇಲೆ ಹಾದು.

ನಾಲ್ಕು ತಿಂಗಳ ಮೇಲೆ ನಕ್ಷೆ ಬಂತು.
ಕೆಳಗೆ ಸೀಲು: ನಿವಾಸಿಗಳೊಂದಿಗೆ ಸಮಾಲೋಚಿಸಲಾಗಿದೆ.
ಹಜಾರ ಅದೇ ಹತ್ತಡಿ. ಜಗಲಿ ಇಲ್ಲ.
ಮೆಟ್ಟಿಲ ತಿರುವಿನಲ್ಲಿ ಮಾತ್ರ, ಪೆನ್ಸಿಲಿನಲ್ಲಿ,
ಗೋಡೆಯೊಂದು ಚೂರು ಬಿಟ್ಟಿತ್ತು;
ಪಕ್ಕದಲ್ಲಿ ಸಣ್ಣಕ್ಷರ: ಬಿದಿರು, ಒಂದು ಪ್ರಶ್ನಾರ್ಥಕ.

ಮಾವನಿಗೆ ಓದು ಬಾರದು.
ಯಾವುದದು ಅಂತ ಕೇಳಿ, ಆ ಅಕ್ಷರಗಳನ್ನು
ಉಗುರಲ್ಲಿ ಅಳೆದ. ಅರ್ಧ ಇಂಚು.
"ಅಳಿಸೋಕೆ ಮುಂಚೆ ಹೋಗ್ಬೇಕು" ಅಂದ.

ನಾಳೆ ಕಚೇರಿಗೆ ಹೊರಟಿದ್ದೇವೆ ಹನ್ನೊಂದು ಮಂದಿ,
ನಡೆದೇ, ಬಸ್ಸಿನಲ್ಲಿ ಬಿದಿರು ಹತ್ತಿಸುವುದಿಲ್ಲವಲ್ಲ.
ನಾಲ್ಕನೇ ಮಹಡಿಯಂತೆ, ಲಿಫ್ಟುಂಟಂತೆ.
ಹಿಡಿಸುತ್ತದೋ ನೋಡಬೇಕು.