ಒಂದು ಮೂರು ನಾಲ್ಕು ಎರಡು

ಅಕ್ಕಲಕೋಟ, ತಡವಳ ರೋಡು, ನನ್ನ ಗ್ಯಾರೇಜು.
ಹಳೇ ಪದ್ಮಿನಿ ಚಾಲೂ ಇಟ್ಟ ನಿಲ್ಲಿಸ್ಯಾರ.
ಬಾನೆಟ್ ಮ್ಯಾಲ ಲಾಯಪ್ಪ ಇಟ್ಟ ಚಾದ ಗ್ಲಾಸು
ತಾನ ನಡಕೋತ ಅಂಚಿಗಿ ಹೊಂಟದ.

"ಮಿಸ್ಸಿಂಗ್ ಹೊಡಿತದ, ಮಿಸ್ತ್ರಿ" ಅಂದ ಬೊಮ್ಮಣ್ಣ ಕಲಶೆಟ್ಟಿ.
ಹಾರ್ಮೋನಿಯಂ ರಿಪೇರಿ ಅವನ ಕಸಬು.
"ನಾಲ್ಕು ಸುರದಾಗ ಒಂದು ಮುಕ್ಕಾದಂಗ ಕೇಳತದ."
ಅವಗ ಕಿವಿ ಅದ. ನನಗ ಬರೇ ಕೈ.

ಸೋಲಾಪುರದಾಗ ಮೂರು ಮಂದಿ ನೋಡ್ಯಾರಂತ.
ಒಬ್ಬಂವ ಪಾಯಿಂಟ್ ಬದಲಿಸಿದ, ಒಬ್ಬಂವ ಪ್ಲಗ್ಗು,
ಇನ್ನೊಬ್ಬಂವ ಕಾರ್ಬೊರೇಟರ್ ಬಿಚ್ಚಿ, ತೊಳದು, ಕೂಡಿಸಿ
ಮರಾಠಿಯಾಗ ಉದ್ದನ್ನ ಬಿಲ್ಲು ಬರದ.
ಕಡೀಕ ಎಲ್ಲಾರೂ ಮಾಡಿದ್ದು ಒಂದ ಕೆಲಸ:
ಸ್ಕ್ರೂ ತಿರುವಿ, ಸ್ಲೋ ಏರಿಸಿ ಕಳಿಸಿದ್ದು.
ಜೋರ ಓಡಿದ್ರ ನಡುಕ ಕಾಣೂದಿಲ್ಲ.
ಹಿಂಗ ಓಡೂ ಮಂದೀನ್ನೂ ನಾ ನೋಡೀನಿ.

ನಾ ಮೊದಲ ಸ್ಲೋ ಇಳಿಸಿದೆ.
ನಡಗಲಿ. ಏನಾಗ್ಯಾದ ಅದ ಹೇಳಲಿ.

ಸಾಲಿಯಾಗ ಒಂದು ಎರಡು ಮೂರು ನಾಲ್ಕು.
ಇಲ್ಲಿ ಪಾಳಿ ಬ್ಯಾರೆ: ಒಂದು ಮೂರು ನಾಲ್ಕು ಎರಡು.
ಈ ಎಣಿಕಿ ಕಲಿತ ಲಾಯಪ್ಪ
ಮನ್ಯಾಗ ರೊಟ್ಟಿ ಎಣಿಸಿ ಅವ್ವನ ಕಡೆ ಬೈಸಿಕೊಂಡಾನ.
ಸೈಲೆನ್ಸರ್ ಬಾಯಿಗಿ ಅವನ ಅಂಗೈ ಹಿಡಿಸಿದೆ.
ಉಸರು.
ಖಾಲಿ.
ಉಸರು, ಉಸರು.

ಪಕ್ಕಡಕ್ಕ ಸೈಕಲ್ ಟ್ಯೂಬ್ ಸುತ್ತಿ
ಒಂದರ ವೈರು ಎಳದೆ: ಇಂಜಿನ್ ಮುಗ್ಗರಿಸ್ತು.
ಎರಡರದು ಎಳದೆ: ಇನ್ನೇನು ಬಿದ್ದೇ ಹೋತು ಅನ್ನೂವಂಗ.
ನಾಲ್ಕರದು: ಯಾರೋ ಗಂಟಲ ಹಿಡದಂಗ.
ಮೂರರದು ಎಳದೆ.
ಏನೂ ಆಗಲಿಲ್ಲ.
ಕೈಯಾಗ ವೈರು ಹಿಡಕೊಂಡು ನಿಂತೆ,
ಏನೂ ಆಗಲಿಲ್ಲ.
ಇಲ್ಲೇ ಅದ ನೋಡು ಲಾಯಪ್ಪ,
ತಗದ್ರೂ ಯಾರೂ ಕೇಳದಂಥ ಜಾಗಾದಾಗ.

ಪ್ಲಗ್ ಹೊಸಾದು, ಪೆಟ್ರೋಲಿನ್ಯಾಗ ತೋದು ಕೂತದ.
ತೂತಿನ ಮ್ಯಾಲ ಹೆಬ್ಬೆಟ್ಟು ಒತ್ತಿ ಸೆಲ್ಫ್ ಹೊಡೆಸಿದ್ರ
ಫಟ್ ಅಂತ ಹೆಬ್ಬೆಟ್ಟು ಹಾರಿಸಿತು.
ಎದೀ ಗಟ್ಟಿ ಅದ. ಊಟ ಮುಟ್ಟತದ.
ಕಿಡಿ ಅಲ್ಲಿಂದ ಹೊಂಟದ, ಇಲ್ಲಿಗಿ ಬಂದಿಲ್ಲ,
ನಡುವ ಇರೂದು ಒಂದು ಮೊಳ ಕರೇ ವೈರು.
ಒರಸಿ ನೋಡಿದೆ, ಬಗ್ಗಿಸಿ ನೋಡಿದೆ. ಮೈ ಎಲ್ಲಾ ನುಣ್ಣಗದ.

ಏಳಕ್ಕ ಕರೆಂಟ್ ಹೋತು, ದಿನದಂಗ.
ಬೊಮ್ಮಣ್ಣ ಮೊಬೈಲ್ ಬ್ಯಾಟರಿ ಹಚ್ಚಿದ.
"ಆರಸ್ರಿ ಅದನ್ನ."
"ಮತ್ತ ಕಾಣೂದು ಹೆಂಗ?"
"ಆರಸ್ರಿ."

ಮೊದಲ ಏನೂ ಇಲ್ಲ. ಬರೇ ಬಿಸಿ ಎಣ್ಣಿ ವಾಸನಿ,
ಮೂವರ ತೆಲಿ ಒಂದ ಬಾನೆಟ್ ಕೆಳಗ.
ಕಣ್ಣು ಕತ್ತಲಿಗಿ ಹೊಂದಿದ ಮ್ಯಾಲ
ಮೂರನೇ ವೈರಿನ ಹೊಟ್ಟಿಯಿಂದ ಕ್ಲಾಂಪಿನ ಕಬ್ಬಣಕ್ಕ
ಒಂದು ನೀಲಿ ಎಳಿ,
ಇರಿವಿ ಕಾಲಿನಷ್ಟು.
ಹಾರತದ, ಸುಮ್ಮನಾಗತದ, ಹಾರತದ,
ಒಂದು ಸಲಾನೂ ಪಾಳಿ ತಪ್ಪಿಲ್ಲ,
ಮನಿ ಅಷ್ಟ ತಪ್ಪ್ಯಾದ.
"ಆಯಲಾ!" ಅಂದ ಬೊಮ್ಮಣ್ಣ, ಬಾಳ ಮೆಲ್ಲಕ,
ಜೋರ ಅಂದ್ರ ಹಾರಿ ಹೋಗತದೇನೋ ಅನ್ನೂವಂಗ.

ಕರೆಂಟ್ ಬಂತು.
ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡದು ಹತ್ತಿತು.
ನೀಲಿ ಇಲ್ಲ.
"ನಿಂತಿತೇನ್ರಿ?" ಅಂತಾನ ಲಾಯಪ್ಪ.
ಕಾಣೂದು ನಿಂತದಪಾ.
ನಡುಕ ಕೇಳು, ಇದ್ದಂಗ ಅದ.

ಹಳೇ ಡಬ್ಬಿ ಸುರವಿದೆ.
ಅಂಬಾಸಡರಿಂದು ಒಂದು ವೈರು, ನಾಲ್ಕು ಬಟ್ಟು ಉದ್ದಾತು,
ಕಬ್ಬಣಕ್ಕ ತಾಕದಂಗ ದಾರ ಹಾಕಿ ಎತ್ತಿ ಕಟ್ಟಿದೆ.
ಲಾಯಪ್ಪ ಮತ್ತೊಂದು ಚಾ ತಂದು ಬಾನೆಟ್ ಮ್ಯಾಲ ಇಟ್ಟ.
ಗ್ಲಾಸು ನಿಂತದ. ಕೆನಿ ಅಷ್ಟ ನಡಗತದ.

ಬೊಮ್ಮಣ್ಣ ಕಣ್ಣು ಮುಚ್ಚಿ ಕೇಳಿದ, ಬಾಳೊತ್ತು.
"ಪೂರಾ ಸುರಕ್ಕ ಬಂದಿಲ್ಲ, ಮಿಸ್ತ್ರಿ."
ನಲವತ್ತು ವರ್ಷದ ಗಾಡಿ.
ನಿನ್ನ ಪೆಟ್ಟಿಗಿ ಎಲ್ಲಾ ಬಂದಾವೇನು?
ನಕ್ಕ. ಎಂಬತ್ತು ರೂಪಾಯಿ ಕೊಟ್ಟ.
ನೂರು ಹೇಳಿದ್ದೆ.